ಆರನೆಯ ಟೇಕಿನ ಬಾಟಲಿ

ಗಂಡನನ್ನು ಪೊಲೀಸರು ಎಳೆದೊಯ್ದ ಮೂರನೆಯ ದಿನ ಆ ಹೆಂಗಸು ನಮ್ಮ ಮನೆ ಬಾಗಿಲಿಗೆ ಬಂದಳು. ಅವಳ ಗಂಡ ಸಿನಿಮಾ ಸೆಟ್ಟಿಗೆ ಸಾಮಾನು ಒದಗಿಸುವವನು. ಹೊಡೆದಾಟದ ದೃಶ್ಯದಲ್ಲಿ ಫೈಟ್ ಮಾಸ್ಟರ್ ತಲೆಯ ಮೇಲೆ ಒಡೆಯಬೇಕಿದ್ದದ್ದು ಸಕ್ಕರೆ ಪಾಕ ಎರೆದು ಮಾಡಿದ ಬಾಟಲಿ. ಆರನೆಯ ಟೇಕಿನಲ್ಲಿ ಬಿದ್ದದ್ದು ನಿಜವಾದ ಗಾಜಿನ ಬಾಟಲಿ. ಮಾಸ್ಟರ್ ಅಲ್ಲೇ ಸತ್ತರು.

ಹೊಡೆದವನು ಹೀರೋನ ಬದಲು ಹೊಡೆದಾಡುವ ಡ್ಯೂಪ್. ಅವನು ಎದೆ ಬಡಿದುಕೊಂಡು ಅತ್ತದ್ದನ್ನು ಕಂಡು ಎಲ್ಲರೂ ಮರುಗಿದ್ದರು. ಕೊಟ್ಟ ಬಾಟಲಿ ಎತ್ತಿದವನದೇನು ತಪ್ಪು? ಹೀಗೆ ಎಲ್ಲವೂ ಸಾಮಾನಿನವನ ಕೊರಳಿಗೆ ಬಂತು. ಹಿಂದಿನ ದಿನವಷ್ಟೇ ಮಾಸ್ಟರ್ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದ್ದರಂತೆ. ಹಾಗೆ ನೋಡಿದರೆ ಹೀರೋಗೂ ಮಾಸ್ಟರಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಆದರೆ ಹೀರೋನನ್ನು ಕೇಳುವ ಎದೆ ಯಾರಿಗಿದೆ?

"ಅಮ್ಮಾ, ನನ್ನ ಗಂಡ ಸೊಳ್ಳೆ ಹೊಡೆಯೋಕೂ ಎರಡು ಸಲ ಯೋಚಿಸ್ತಾನೆ," ಎಂದಳು ಅವಳು.

ಅವಳು ಸಹಾಯ ಕೇಳಿದ್ದು ನನ್ನನ್ನಲ್ಲ, ನಮ್ಮತ್ತೆಯನ್ನು. ಮೂವತ್ತು ವರ್ಷ ಸಿನಿಮಾ ಎಡಿಟರ್ ಆಗಿದ್ದ ಅವರು ಐದು ವರ್ಷದಿಂದ ಫಿಲ್ಮು ಬಿಟ್ಟು ಜನರ ಸುಳ್ಳು ಕತ್ತರಿಸುತ್ತಾರೆ. ಎಲ್ಲರ ಬಾಯಲ್ಲೂ ಕತ್ತರಿ ಅಮ್ಮ. ಮನೆ ಅಳಿಯನಾದ ನನ್ನ ಕೆಲಸ ಅವರ ಚೀಲ ಹೊರುವುದು ಮತ್ತು ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದು ನನಗಿನ್ನೂ ಒಗ್ಗಿಲ್ಲ.

ಪೊಲೀಸರು ಬೀಗ ಹಾಕಿದ್ದ ಸೆಟ್ಟನ್ನು ಇನ್ಸ್‌ಪೆಕ್ಟರ್ ತೆಗೆಸಿಕೊಟ್ಟರು. ಅದೊಂದು ಬಾರ್. ಗೋಡೆಯ ಕಪಾಟಿನ ತುಂಬ ಶೋಕಿಗೆ ಜೋಡಿಸಿದ ನಿಜವಾದ ಗಾಜಿನ ಬಾಟಲಿಗಳು. ಕೆಳಸಾಲಿನ ಒಂದು ಬಾಟಲಿಗೆ ಮಾತ್ರ ಇರುವೆ ಮುತ್ತಿತ್ತು. ಇರುವೆಗೂ ಕುಡಿತದ ಚಟ ಹತ್ತಿದೆ ಎಂದು ನಾನು ನಕ್ಕೆ.

"ಪಕ್ಕದ ಬಾಟಲಿಗೆ ಯಾಕೆ ಹತ್ತಿಲ್ಲ, ಅಳಿಯಂದಿರೇ?" ಎಂದರು ಅತ್ತೆ. ನಾನು ನಗು ನುಂಗಿಕೊಂಡೆ.

ಮರುದಿನ ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ನಿರ್ದೇಶಕ, ಹೀರೋ, ಡ್ಯೂಪ್, ಇನ್ಸ್‌ಪೆಕ್ಟರ್ ಜೊತೆ ಸಾಮಾನಿನವನು ಮತ್ತು ಅವನ ಹೆಂಡತಿ ಕೂತರು. ಅತ್ತೆ ಆರೂ ಟೇಕುಗಳನ್ನು ಹಾಕಿಸಿದರು. ಐದು ಮುಗಿಯುವಷ್ಟರಲ್ಲಿ ನಿರ್ದೇಶಕರು ಆಕಳಿಸಿದರು.

"ಆಕಳಿಕೆ ಬರಲೇಬೇಕು," ಎಂದರು ಅತ್ತೆ. "ಹೊಡೆಯೋನ ಕೈಯಲ್ಲಿ ಭಾರ ಇಲ್ಲ, ಬೀಳೋನಿಗೆ ನೋವಿಲ್ಲ. ಉಳಿದೋರು ಕ್ಯೂನಲ್ಲಿ ನಿಂತ ಹಾಗೆ ಸರದಿ ಕಾಯ್ತಾರೆ. ಯಾರಿಗೇನಾಗುತ್ತೋ ಅನ್ನೋ ಭಯ ನೋಡೋರಿಗೆ ಹುಟ್ಟೋದೇ ಇಲ್ಲ. ಈಗ ಆರನೇದು ನೋಡಿ."

ಎಲ್ಲರೂ ನೆಟ್ಟಗೆ ಕೂತರು. ಏಟು ಬೀಳುವ ಮುಂಚೆಯೇ ಅತ್ತೆ ಚಿತ್ರ ನಿಲ್ಲಿಸಿದರು. ಬಾಟಲಿ ಇನ್ನೂ ಮೇಜಿನ ಮೇಲಿತ್ತು.

ಸಕ್ಕರೆ ಬಾಟಲಿ ಹಿಸುಕಿದರೆ ಕೈಯಲ್ಲೇ ಪುಡಿಯಾಗುತ್ತದೆ, ಆದ್ದರಿಂದ ಫೈಟಿನವರು ಅದನ್ನು ಮೊಟ್ಟೆಯಂತೆ ಬೆರಳ ತುದಿಯಲ್ಲಿ ಎತ್ತುತ್ತಾರೆ ಎಂದು ಅತ್ತೆ ವಿವರಿಸಿದರು. ಐದು ಸಲವೂ ಡ್ಯೂಪ್ ಹಾಗೇ ಎತ್ತಿದ್ದ. ಆರನೆಯ ಸಲ ಬಾಟಲಿಯ ಕತ್ತನ್ನು ಇಡೀ ಮುಷ್ಟಿಯಲ್ಲಿ ಹಿಡಿದಿದ್ದ, ಕಾಲನ್ನೂ ಅಗಲಿಸಿ ಊರಿದ್ದ.

"ಭಾರ ಎತ್ತಿದ ಮೇಲೆ ಗೊತ್ತಾಗಬೇಕು. ನಿನಗೆ ಎತ್ತೋಕೆ ಮುಂಚೆನೇ ಗೊತ್ತಿತ್ತು."

ಅತ್ತೆ ಸೆಟ್ಟಿನವರನ್ನು ವಿಚಾರಿಸಿ ತಿಳಿದಂತೆ, ಸಾಮಾನಿನವನು ಆರನೆಯ ಬಾಟಲಿ ಮೇಜಿಗಿಟ್ಟು ಹಿಂದಿನ ಟೇಕಿನ ಚೂರು ಗುಡಿಸಲು ಹೋದಾಗ ಮೇಜಿನ ಹತ್ತಿರ ಇದ್ದವನು ಡ್ಯೂಪ್ ಒಬ್ಬನೇ. ಹೀರೋ ಆಗ ಹೊರಗೆ ವ್ಯಾನಿನಲ್ಲಿದ್ದ. ಸಾಮಾನಿನವನೇ ಬದಲಾಯಿಸಿದ್ದರೆ ಸಕ್ಕರೆ ಬಾಟಲಿಯನ್ನು ತನ್ನ ಪೆಟ್ಟಿಗೆಯಲ್ಲೇ ಹಾಕಿಕೊಳ್ಳುತ್ತಿದ್ದ. ಕಪಾಟಿನಿಂದ ಗಾಜಿನದನ್ನು ತೆಗೆದು ಅದೇ ಜಾಗದಲ್ಲಿ ಸಕ್ಕರೆಯದನ್ನು ಇಟ್ಟವನಿಗೆ ಬಚ್ಚಿಡಲು ಬೇರೆ ಜಾಗವಿರಲಿಲ್ಲ. ಅದನ್ನು ಇರುವೆಗಳು ಹುಡುಕಿಕೊಟ್ಟಿದ್ದವು.

ಡ್ಯೂಪ್ ಅಳಲಿಲ್ಲ. "ಆರು ವರ್ಷದ ಹಿಂದೆ ನಮ್ಮಣ್ಣನ್ನ ಮೂರನೇ ಮಹಡಿಯಿಂದ ಹಾರಿಸಿದ್ರು. ಕೆಳಗೆ ಎರಡು ಹಾಸಿಗೆ ಇರಬೇಕಿತ್ತು. ಮುಖದಲ್ಲಿ ನಿಜವಾದ ಭಯ ಬೇಕು ಅಂತ ಮಾಸ್ಟರ್ ಒಂದನ್ನ ತೆಗೆಸಿದ್ರು. ಅವತ್ತು ಮಲಗಿದೋನು ಇವತ್ತಿಗೂ ಎದ್ದಿಲ್ಲ. ಕೈಗೆ ಸಿಗಲಿ ಅಂತಾನೇ ಆ ಮನುಷ್ಯನ ಹತ್ರ ಕೆಲಸಕ್ಕೆ ಸೇರಿದೆ."

"ಸೇಡು ನಿನ್ನದು. ಜೈಲು ಇವರಿಗ್ಯಾಕೆ?" ಎಂದರು ಅತ್ತೆ.

ಅವನು ಸಾಮಾನಿನವನ ಹೆಂಡತಿಯ ಕಡೆ ನೋಡಿದ. ಆಮೇಲೆ ಎರಡೂ ಕೈಗಳನ್ನು ಇನ್ಸ್‌ಪೆಕ್ಟರ್ ಕಡೆ ಚಾಚಿದ.

ಇನ್ಸ್‌ಪೆಕ್ಟರ್ ಒಬ್ಬನ ಕೈಕೋಳ ಬಿಚ್ಚಿ ಇನ್ನೊಬ್ಬನಿಗೆ ಹಾಕಿದರು. ಆ ಹೆಂಗಸು ಗಂಡನ ತೋಳು ಹಿಡಿದುಕೊಂಡು ಬಿಕ್ಕಿದಳು. ಅಲ್ಲಿಗೆ ಮುಗಿಯಿತೆಂದು ನಾನು ಚೀಲ ಎತ್ತಿಕೊಂಡೆ. ಬಾಗಿಲಲ್ಲಿ ಡ್ಯೂಪ್ ತಿರುಗಿ ನಿಂತ.

"ಅಣ್ಣ ಬಿದ್ದ ಶಾಟನ್ನೂ ಮಾಸ್ಟರ್ ಹಟ ಮಾಡಿ ಸಿನಿಮಾದಲ್ಲಿ ಇಡಿಸಿದ್ರು. ಥಿಯೇಟರಲ್ಲಿ ಜನ ಶಿಳ್ಳೆ ಹೊಡೆದ್ರು. ನಾನು ಅಲ್ಲೇ ಕೂತಿದ್ದೆ. ಅವತ್ತೇ ಅವರನ್ನ ಕೊಲ್ಲಬೇಕು ಅನ್ಕೊಂಡೆ."

ಅತ್ತೆ ಕುರ್ಚಿಯಿಂದ ಎದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಮಾಸ್ಟರ್ ಅದನ್ನ ತೆಗೀರಿ ಅಂದ್ರು," ಎಂದರು. "ಆ ಸಿನಿಮಾ ಎಡಿಟ್ ಮಾಡಿ ಅದನ್ನ ಇಟ್ಟೋಳು ನಾನು. ಬಿದ್ದೋನು ಏನಾದ ಅಂತ ವಿಚಾರಿಸಲಿಲ್ಲ. ಇಡೀ ಫೈಟಲ್ಲಿ ನೋಡೋ ಹಾಗಿದ್ದದ್ದು ಅದೊಂದೇ."

ಡ್ಯೂಪ್ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದ.

"ಗೊತ್ತಿದ್ರೆ ಮೊದಲು ನಿಮ್ಮನೆಗೇ ಬರ್ತಿದ್ದೆ."

"ಬರಬೇಕಾಗಿತ್ತು," ಎಂದರು ಅತ್ತೆ.