ನಿಲ್ಲಿಸಬಾರದ ಹನಿ

"ಮಗಾ, ಬೇರೆ ಎಂತ ಬೇಕಾರೂ ರಿಪೇರಿ ಮಾಡ್ಕೋ. ಹಿತ್ತಲ ಬಚ್ಚಲಿನ ನಲ್ಲಿ ಮಾತ್ರ ಮುಟ್ಟುಕಾಗ. ಅದ್ ಹನಿತಾ ಇರ್ಲಿ."

ಮೀನಿನ ಬುಟ್ಟಿಯನ್ನು ಜಗಲಿಗಿಳಿಸಿ ಜಲಜಕ್ಕ ಹೇಳಿದ ಈ ಮಾತಿಗೆ ರತೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೆ ಇನ್ನೇನು ಮಾಡಿಯಾನು? ಮುಂಬೈಯ ಕಟ್ಟಡಗಳಲ್ಲಿ ಸೋರುವ ನಲ್ಲಿಗಳ ಬಾಯಿ ಮುಚ್ಚಿಸಿಯೇ ಅನ್ನ ಉಂಡವನು ಅವನು. ತ್ರಾಸಿಯ ಹೆದ್ದಾರಿಯುದ್ದಕ್ಕೂ ಏಳುತ್ತಿರುವ ಲಾಡ್ಜುಗಳಲ್ಲಿ ಪ್ಲಂಬಿಂಗ್ ಕೆಲಸ ಸಿಗುತ್ತದೆಂದು ಹೆಂಡತಿ ಚೇತನಾಳನ್ನೂ ಪುಟ್ಟ ಮಗಳು ಪ್ರೇಕ್ಷಾಳನ್ನೂ ಕರೆದುಕೊಂಡು ಬಂದು, ಕಡಲ ಬದಿಯ ಈ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದ. ಪ್ಲಂಬರನ ಮನೆಯಲ್ಲೇ ನಲ್ಲಿ ಸೋರುವುದೆಂದರೆ ಅವನಿಗೆ ಮಾನದ ಪ್ರಶ್ನೆ.

"ಎಂತಕ್ ಮುಟ್ಟುಕಾಗ ಜಲಜಕ್ಕ? ಅದ್ರೊಳ್ಗೆ ಭೂತ ಕೂತಿತ್ತಾ?"

ಮುದುಕಿ ನಗಲಿಲ್ಲ. "ಟ್ಯಾಂಕ್ ಒಣಗ್ರೂ ಆ ನಲ್ಲಿ ಹನಿತ್ತ್. ನಾನೇ ಕಂಡಿದೆ. ಅದ್ ನೀರಲ್ಲ, ಕಟ್ಟಿ ಹಾಕದ್ ಶಾಪ. ಮನಿಯಂಗೆ ಸಣ್ ಮಗು ಬೇರೆ ಇತ್ತ್ ನಿಂಗೆ." ಅಷ್ಟು ಹೇಳಿ ಬುಟ್ಟಿಯನ್ನು ತಲೆಗೇರಿಸಿಕೊಂಡು ಹೊರಟೇ ಹೋದಳು.

ಮನೆಗೆ ಇನ್ನೊಂದು ರೋಗವೂ ಇತ್ತು. ಯಾವ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರೂ ಗೋಡೆಯೊಳಗಿನ ಪೈಪುಗಳು ಕುಟ್, ಕುಟ್, ಕುಟ್ ಎಂದು ಬಡಿದುಕೊಳ್ಳುತ್ತಿದ್ದವು. ಪ್ರೇಕ್ಷಾ ಪ್ರತಿ ಸಲವೂ ಹೆದರಿ ಅಪ್ಪನ ಕಾಲು ತಬ್ಬಿಕೊಳ್ಳುತ್ತಿದ್ದಳು. ರತೀಶ ಅವಳನ್ನು ಎತ್ತಿಕೊಂಡು, "ಹೆದ್ರುಕೆ ಎಂತ ಇಲ್ಲೆ ಪುಟ್ಟಿ. ಓಡು ನೀರನ್ನ ತಟ್ಟ ನಿಲ್ಸಿರೆ ಅದ್ ಪೈಪಿಗೆ ಗುದ್ದತ್ತ್, ಅಷ್ಟೇ" ಎನ್ನುತ್ತಿದ್ದ. ಅಪ್ಪ ಹೇಳಿದ ಮೇಲೆ ಮುಗಿಯಿತು. ಅವಳಿಗೆ ಆಮೇಲೆ ಭಯವಿಲ್ಲ.

ಆ ಭಾನುವಾರ ಅವನು ಹತಾರು ಹಿಡಿದು ಕೂತ. ಸಡಿಲವಾಗಿದ್ದ ಕ್ಲಾಂಪುಗಳನ್ನು ಬಿಗಿದ, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಬಿಟ್ಟ. ಮನೆಯೊಳಗಿನ ನಲ್ಲಿಗಳೆಲ್ಲ ಒಂದೊಂದಾಗಿ ಹೇಳಿದಂತೆ ಕೇಳಿದವು. ಉಳಿದದ್ದು ಬಚ್ಚಲಿನದು.

ಬಚ್ಚಲಲ್ಲಿ ಹಗಲಲ್ಲೂ ಕತ್ತಲೆ. ಪಾಚಿ, ತುಕ್ಕು, ಹಂಡೆಯಡಿಯ ಹಳೆಯ ಬೂದಿ, ಮೂರೂ ಕಲೆತ ವಾಸನೆ ಮೂಗಿಗೆ ಅಡರುತ್ತಿತ್ತು. ಟ್ಯಾಂಕಿನ ವಾಲ್ವ್ ಮುಚ್ಚಿ ಬಂದಿದ್ದರೂ ನಲ್ಲಿ ಹನಿಯುತ್ತಲೇ ಇತ್ತು. ಪೈಪಿನಲ್ಲಿ ಉಳಿದ ನೀರಿರಬೇಕು ಎಂದುಕೊಂಡ. ಪಾನಾ ಹಾಕಿ ನಲ್ಲಿಯ ತಲೆ ಬಿಚ್ಚಿದಾಗ ವಾಶರ್ ಇರಬೇಕಾದ ಜಾಗದಲ್ಲಿ ಒಂದು ತಾಮ್ರದ ಬಿಲ್ಲೆ ಸಿಕ್ಕಿತು. ಅದರ ತುಂಬ ಮೊಳೆಯಿಂದ ಗೀಚಿದ ಗೆರೆಗಳು, ಸುತ್ತಲೂ ಕಪ್ಪು ನೂಲು. ನೀರಲ್ಲಿ ಎಷ್ಟೋ ಕಾಲ ಇದ್ದರೂ ನೂಲು ಕೊಳೆತಿರಲಿಲ್ಲ.

"ಯಾವ ಬೆಪ್ಪನ ಕೆಲ್ಸ ಇದ್!" ಎಂದು ನಕ್ಕು, ಹೊಸ ರಬ್ಬರ್ ವಾಶರ್ ಕೂರಿಸಿ ನಲ್ಲಿ ಬಿಗಿದ. ಬಿಲ್ಲೆಯನ್ನು ಹಿತ್ತಲ ಗೋಡೆಯಾಚೆ, ಉಬ್ಬರದ ಕಡಲಿಗೆ ಬೀಸಿ ಎಸೆದ. ಹನಿ ನಿಂತಿತು. ಪೈಪುಗಳೂ ಸುಮ್ಮನಾದವು. ಮನೆ ಇಷ್ಟು ನಿಶ್ಶಬ್ದವಾಗಿದ್ದುದನ್ನು ಅವರು ಬಂದಮೇಲೆ ಕಂಡಿರಲೇ ಇಲ್ಲ. ರತೀಶನಿಗೆ ಹೆಮ್ಮೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ಅದು ಕೇಳಿಸಿತು.

ಟಪ್.

ಅವನು ಬಚ್ಚಲಿಗೆ ಹೋಗಿ ನೋಡಿದ. ನಲ್ಲಿಯ ಬಾಯಿ ಒಣಗಿತ್ತು. ಅಡುಗೆಮನೆಯದೂ ಒಣಗಿತ್ತು. ಟಪ್. ಮಾಡಿನ ಹಂಚುಗಳನ್ನು ನೋಡಿದ, ಗೋಡೆಗಳ ಮೇಲೆ ಕೈಯಾಡಿಸಿದ. ಟಪ್. ಸದ್ದು ನಡುಕೋಣೆಯಿಂದ ಬರುತ್ತಿತ್ತು. ಅಲ್ಲಿ ಮಂಚದ ಮೇಲೆ ಪ್ರೇಕ್ಷಾ ಮಲಗಿದ್ದಳು. ಅವಳ ಎಡಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಕಿರುಬೆರಳ ತುದಿಯಲ್ಲಿ ಒಂದು ಹನಿ ಕೂಡಿತು, ತೂಗಿತು, ಬಿತ್ತು. ನೆಲದಲ್ಲಿ ಆಗಲೇ ಅಂಗೈಯಗಲ ನೀರು. ಅದಕ್ಕೆ ಪಾಚಿಯ, ತುಕ್ಕಿನ ವಾಸನೆ. ಒರೆಸಿದ. ಬೆರಳಿನಲ್ಲಿ ಗಾಯವಿರಲಿಲ್ಲ. ಮತ್ತೊಂದು ಹನಿ ಕೂಡಿತು.

ಕುಂದಾಪುರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಏರಿಸಿದಷ್ಟೂ ಕಿರುಬೆರಳಲ್ಲಿ ಇಳಿಯಿತು. ಯಾವ ಪರೀಕ್ಷೆಯಲ್ಲೂ ಡಾಕ್ಟರುಗಳಿಗೆ ಕಾರಣ ಸಿಗಲಿಲ್ಲ. ಮಗುವಿನ ಕೆನ್ನೆ ಗುಳಿಬಿದ್ದಿತು, ತುಟಿ ಸಿಪ್ಪೆಯೆದ್ದಿತು. ಕೊನೆಗೆ ಮನೆಗೇ ಕರೆತಂದರು.

ಸುದ್ದಿ ಕೇಳಿ ಓಡಿಬಂದ ಜಲಜಕ್ಕ ಬಾಗಿಲಲ್ಲೇ ನಿಂತು ಕೇಳಿದಳು. "ನಲ್ಲಿಯೊಳ್ಗಿನ್ ತಾಮ್ರದ್ ತಗಡ್ ಎಲ್ಲಿತ್ತ್?"

ರತೀಶ ಕಡಲಿನತ್ತ ಕೈ ತೋರಿಸಿದ. ಮುದುಕಿ ಹೊಸಿಲ ಮೇಲೆ ಕೂತಳು.

"ಊರಂಗೆ ಬಾವಿ ಎಲ್ಲ ಉಪ್ಪಾದ್ ವರ್ಷ," ಎಂದಳು. "ಜ್ವರದ್ ಮಗು ಎತ್ಕಂಡ್ ಒಬ್ಳ್ ನೀರ್ ಕೇಂಬುಕೆ ಬಂದಿದ್ಲ್. ಈ ಮನಿ ಯಜಮಾನ ಅವ್ಳ್ ಎದ್ರಿಗೇ ನಲ್ಲಿ ಮುಚ್ಚದ. ಮಗು ಸತ್ತ್ ಹೋಯ್ತ್. ನಿನ್ ಮನಿ ಮಕ್ಳ್ ಮೈಯಂಗೆ ನೀರ್ ನಿಲ್ದೇ ಹೋಯ್ಲಿ ಅಂದ್ ಮಾಟ ಮಾಡ್ಸದ್ಲ್. ಅವ್ನ್ ಮಗಳ್ ಬೆರಳಂಗೂ ಹೀಂಗೇ ಹನಿತಿತ್ತ್. ಕೆರಾಡಿಂದ ಬಂದ್ ಮಂತ್ರವಾದಿ ಅದನ್ನ ಆ ನಲ್ಲಿಗೆ ಕಟ್ಟಿ ಹಾಕದ."

"ಅವ್ರನ್ನ ಕರ್ಕಂಡ್ ಬತ್ತೆ. ಈಗ್ಲೇ ಹೋತೆ," ಎಂದು ರತೀಶ ಎದ್ದ.

"ಸತ್ತ್ ಯಾವ್ ಕಾಲ ಆಯ್ತ್ ಮಗಾ. ಅವ್ನ್ ವಿದ್ಯೆ ಯಾರ್ಗೂ ಬತ್ತಿಲ್ಲೆ."

ಚೇತನಾ ಅಳಲಿಲ್ಲ. ಗಂಡನ ಮುಖವನ್ನೇ ನೋಡಿ, "ಆವತ್ತ್ ನೀವ್ ನೆಗಾಡಿರಿ ಅಲ್ದಾ?" ಎಂದಳು ಅಷ್ಟೇ.

ಅವನು ಬಚ್ಚಲಿಗೆ ಓಡಿದ. ನಲ್ಲಿಯ ತಲೆ ಬಿಚ್ಚಿ ವಾಶರನ್ನು ಕಿತ್ತೆಸೆದ. ಮೇಲೆ ಟ್ಯಾಂಕು ತುಂಬಿತ್ತು, ವಾಲ್ವ್ ತೆರೆದಿತ್ತು. ನಲ್ಲಿಯ ಬಾಯಿ ಆ ಎಂದು ತೆರೆದುಕೊಂಡಿತ್ತು. ನೀರು ಬರಲಿಲ್ಲ. ಪಾನಾದಿಂದ ಪೈಪನ್ನು ಬಡಿದ. ಬೈದ. ಕೈಮುಗಿದ. ಒಂದು ಹನಿಯೂ ಬರಲಿಲ್ಲ.

ತಿರುಗಿ ಬಂದಾಗ ಮಗಳ ಕಣ್ಣು ಅರೆತೆರೆದಿತ್ತು. ಟಪ್. ಚೇತನಾ ಲೋಟ ಹಿಡಿದು ಕುಡಿಸುತ್ತಿದ್ದಳು. ಟಪ್. ಕುಡಿಸಿದ್ದಕ್ಕಿಂತ ಹೋಗುತ್ತಿದ್ದುದೇ ಹೆಚ್ಚು. ಟಪ್. ಅವನಿಗೆ ತಡೆಯಲಾಗಲಿಲ್ಲ. ಜೀವಮಾನವಿಡೀ ಸೋರುವುದನ್ನು ನಿಲ್ಲಿಸಿದ ಕೈ ಅದು. ಮಗಳ ಕಿರುಬೆರಳ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.

ಹನಿ ನಿಂತಿತು.

ನಿಜವಾಗಿಯೂ ನಿಂತಿತು. ರತೀಶ ಇನ್ನಷ್ಟು ಬಿಗಿಯಾಗಿ ಒತ್ತಿದ. ಇನ್ನೊಂದು ಕೈ ಮಗಳ ಎದೆಯ ಮೇಲಿತ್ತು.

ಆ ಕೈಯಡಿಯಲ್ಲಿ, ಪಕ್ಕೆಲುಬುಗಳ ಒಳಗೆ, ಶುರುವಾಯಿತು.

ಕುಟ್. ಕುಟ್. ಕುಟ್.

ಗೋಡೆಯಲ್ಲಲ್ಲ. ಮಗಳೊಳಗೆ. ಕುಟ್. ಪುಟ್ಟ ಮೈ ಬಿಲ್ಲಿನಂತೆ ಬಾಗಿತು. ಕುಟ್. ಕಣ್ಣು ಮೇಲೆ ಸಿಕ್ಕಿಕೊಂಡಿತು. ಚೇತನಾ ಕಿರುಚಿದಳು. ಅವನು ಬೆರಳು ಬಿಟ್ಟ.

ಟಪ್.

ಬಡಿತ ನಿಂತಿತು. ಮಗಳು ಉಸಿರೆಳೆದುಕೊಂಡು ಅಪ್ಪನನ್ನು ಹುಡುಕಿ ನೋಡಿದಳು.

"ಅಪ್ಪ, ಹೆದ್ರುಕೆ ಎಂತ ಇಲ್ಲೆ ಅಲ್ದಾ?"

ರತೀಶ ಖಾಲಿ ಲೋಟವನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು, ಮತ್ತೆ ನೀರು ತುಂಬಿಸಿಕೊಂಡು ಬರಲು ಎದ್ದ.