ಪ್ಯಾಕೆಟ್ಟಿನ ಬೆನ್ನು ಓದಿದವನು

ಶ್ರೀರಾಂಪುರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಚೌಡೇಶ್ವರಿ ಒಂದು ಸ್ನ್ಯಾಕ್ ಬಾರ್ ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ಓದಿದಳು. ಅದನ್ನಿಟ್ಟು ಇನ್ನೊಂದು. ಅದನ್ನಿಟ್ಟು ಮತ್ತೊಂದು. ಗಲ್ಲಾದಲ್ಲಿ ಕೂತಿದ್ದ ಹನುಮೇಶನಿಗೆ ಮೂಗಿನ ತುದಿಗೆ ಕೋಪ ಬಂತು.

"ಡೇಟ್ ಮುಗಿದಿದ್ದು ನಮ್ಮಂಗಡೀಲಿ ಇಡಲ್ಲ ಮೇಡಂ."

"ಡೇಟ್ ನೋಡ್ತಿಲ್ಲ. ಗೋಧಿ ಹುಡುಕ್ತಿದೀನಿ."

"ಗೋಧಿ ಬೇಕಿದ್ರೆ ಮೂಟೆ ಅಲ್ಲೈತೆ ನೋಡ್ರಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಗಂಟಿಕ್ಕಿದ ಹುಬ್ಬು ಸಡಿಲಾಗಿ ಕಿವಿ ಕೆಂಪಾದದ್ದನ್ನು ನೋಡಿಯೂ ನೋಡದವಳಂತೆ ನಿಂತಳು.

ಹೊಳಲ್ಕೆರೆಯ ಹುಡುಗಿ, ಇಲ್ಲಿನ ಪಶು ಆಸ್ಪತ್ರೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹಟ್ಟಿ ಹಟ್ಟಿ ತಿರುಗಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸ. ಅವಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಒಂದು ಚೂರು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ಹೋಟೆಲಿನ ತಿಂಡಿ ನಂಬುವಂತಿಲ್ಲ, ಬ್ಯಾಗಿನಲ್ಲೊಂದು ಬಾರ್ ಇರಲೇಬೇಕು.

"ಇದ್ರ ಮುಂದೆ ರಾಗಿ ತೆನೆ ಚಿತ್ರ ಐತೆ. ಹಿಂದೆ ಓದ್ರಿ," ಎಂದು ಪ್ಯಾಕೆಟ್ ಅವನ ಕೈಗಿಟ್ಟಳು.

ಅವನು ಕಣ್ಣು ಕಿರಿದು ಮಾಡಿ ಓದಿದ. "ರಾಗಿ, ಬೆಲ್ಲ... ಅಯ್ಯ, ಗೋಧಿ! ಮತ್ತೆ ರಾಗಿ ಬಾರ್ ಅಂತಾರಲ್ರಿ?"

"ಅದಕ್ಕೇ ಮುಖ ನೋಡಿ ಮರುಳಾಗಬಾರ್ದು. ಬೆನ್ನು ಓದ್ಬೇಕು."

ಮುಂದಿನ ವಾರ ಹೋದಾಗ ಗಲ್ಲಾದ ಮೇಲೊಂದು ಭೂತಗನ್ನಡಿ ಇತ್ತು. ಅವನಾಗಲೇ ಅಂಗಡಿಯ ಬಾರ್‌ಗಳನ್ನೆಲ್ಲ ಓದಿ ಮುಗಿಸಿದ್ದ.

"ಮಾಲ್ಟ್ ಅಂದ್ರೆ ಬಾರ್ಲಿನೇ ಅಲ್ವೇನ್ರಿ?"

"ಬಹುಪಾಲು ಅದೇ."

"ಓಟ್ಸ್?"

"ಗ್ಲುಟೆನ್-ಫ್ರೀ ಅಂತ ಬರ್ದಿಲ್ದಿದ್ರೆ ಅದೂ ಬೇಡ."

"'ಗೋಧಿ ಬಳಸುವ ಕಾರ್ಖಾನೆಯಲ್ಲಿ ತಯಾರಿಸಿದ್ದು' ಅಂತ ಸಣ್ಣಕ್ಷರದಲ್ಲಿ ಬರ್ದವ್ರೆ. ಅದನ್ನೂ ತೆಗೆದಿಟ್ಟೆ."

ಚೌಡೇಶ್ವರಿಗೆ ಎದೆ ತುಂಬಿ ಬಂತು. ಸ್ವಂತ ಸೋದರತ್ತೆಯೇ "ಚೂರು ತಿಂದ್ರೆ ಏನೂ ಆಗಲ್ಲ" ಎಂದು ಚಪಾತಿ ತುರುಕಿ ಅವಳನ್ನು ವಾರ ಮಲಗಿಸಿದ್ದರು. ಈ ಅಂಗಡಿಯವನು ಸಣ್ಣಕ್ಷರ ಓದಿದ್ದ. ಚಿತ್ರದುರ್ಗದಿಂದ ತರಿಸಿದ ಗ್ಲುಟೆನ್-ಫ್ರೀ ಬಾರ್‌ಗಳನ್ನು ಮೈದಾ, ರವೆಯಿಂದ ದೂರ, ಮೇಲಿನ ಹಲಗೆಯ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದ. ಅವಳು ಆ ಡಬ್ಬಿ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವನು ಚಿಲ್ಲರೆ ಕೊಡುವುದನ್ನೇ ಮರೆತ.

ಮೂರು ತಿಂಗಳು ಹೀಗೇ ಕಳೆಯಿತು. ಬಾಯಿ ಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವಳಿಗೊಂದು ಹೆದರಿಕೆಯೂ ಇತ್ತು. ಹಿಂದೊಮ್ಮೆ ಗಂಡಿನ ಕಡೆಯವರು, "ಶಾಸ್ತ್ರಕ್ಕಾದ್ರೂ ಒಂದು ತುತ್ತು ಉಪ್ಪಿಟ್ಟು ತಿನ್ನು" ಎಂದಿದ್ದರು. ಇವಳು ತಿನ್ನಲಿಲ್ಲ. ಸೊಕ್ಕಿನ ಹುಡುಗಿ ಎಂದು ಎದ್ದು ಹೋದರು.

ಅಂಥದ್ದೇ ತಟ್ಟೆ ಒಂದು ಬೆಳಿಗ್ಗೆ ಹನುಮೇಶನ ಹಟ್ಟಿಯಲ್ಲೇ ಎದುರಾಯಿತು. ಅವರ ಮನೆಯ ನಲವತ್ತು ಕುರಿಗಳಿಗೆ ಲಸಿಕೆ ಹಾಕಿ ಮುಗಿಸಿದ್ದಳು. ಕುರಿಗೆ ಔಷಧಿ ಕೊಟ್ಟವರನ್ನು ಬರಿಬಾಯಲ್ಲಿ ಕಳಿಸಿದರೆ ಮಂದೆಗೆ ಒಳ್ಳೆಯದಲ್ಲ ಎಂಬುದು ಆ ಮನೆಯ ನಂಬಿಕೆ. ಹನುಮೇಶನ ತಾಯಿ ಯಲ್ಲಕ್ಕ ಉಂಡೆಗಳ ತಟ್ಟೆ ಹಿಡಿದು ಬಂದಳು.

"ಗೋಧಿ ಒಲ್ಲೆ ಅಂತೀಯಂತಲ್ಲವ್ವಾ. ಅದಕ್ಕೇ ನವಣೆ ಉಂಡೆ ಕಟ್ಟೀನಿ. ನಿನ್ನೆ ಗಿರಣೀಲಿ ನಮ್ಮ ಮುಂದೆ ಗೋಧಿಯೋರಿದ್ರು, ಕಾದು ಕಾದು ಸಾಕಾತು."

ಚೌಡೇಶ್ವರಿಯ ಕೈ ಅರ್ಧಕ್ಕೇ ನಿಂತಿತು. ಗೋಧಿ ಬೀಸಿದ ಕಲ್ಲಿಗೇ ನವಣೆ ಬಿದ್ದಿದೆ! ಒಂದುಂಡೆ ನುಂಗಿದರೆ ಈ ಮನೆ ತನ್ನದಾಗಬಹುದು. ಈ ಮನೆ ಅವಳಿಗೆ ಬೇಕಾಗಿತ್ತು, ತುಂಬಾ ಬೇಕಾಗಿತ್ತು. ಆದರೂ ಕೈ ಹಿಂದೆಗೆದಳು.

"ಯಲ್ಲಕ್ಕಾ, ನಿಮ್ಮ ಕೈ ಮೇಲೆ ನಂಬಿಕೆ ಐತೆ, ಆ ಗಿರಣಿ ಕಲ್ಲಿನ ಮೇಲಿಲ್ಲ. ನಾನು ತಿನ್ನಲ್ಲ."

ಯಲ್ಲಕ್ಕನ ಮುಖ ಸಣ್ಣದಾಯಿತು. ಚೌಡೇಶ್ವರಿ ಹನುಮೇಶನತ್ತ ತಿರುಗಿದಳು. ಚೂರೇ ಚೂರು ತಿನ್ರಿ ಎಂದು ಇವನೂ ಅಂದುಬಿಟ್ಟರೆ?

ಅವನು ಕೈ ತೊಳೆದು ಒರೆಸಿಕೊಂಡ. ಅಂಗಡಿಯಿಂದ ಮೊದಲೇ ತಂದಿಟ್ಟಿದ್ದ ಸ್ಟೀಲ್ ಡಬ್ಬಿಯನ್ನು ಒಳಗಿಂದ ತಂದು, ಒಂದು ಬಾರ್ ತೆಗೆದು, ಬೆನ್ನು ತಿರುಗಿಸಿ ತಾಯಿಗೆ ಕೇಳುವಂತೆ ಓದತೊಡಗಿದ. ಶೇಂಗಾ, ಎಳ್ಳು, ಖರ್ಜೂರ, ಬೆಲ್ಲ. ಕೊನೆಗೆ ಗ್ಲುಟೆನ್-ಫ್ರೀ ಎಂಬ ಗುರುತು ತೋರಿಸಿದ. ಲಗ್ನಪತ್ರಿಕೆ ಓದುವಷ್ಟು ಗಂಭೀರವಾಗಿತ್ತು ಅವನ ದನಿ.

"ಅವ್ವಾ, ಅವ್ರು ನಿನ್ನ ಉಂಡೆ ಒಲ್ಲೆ ಅಂದಿದ್ದು ಸೊಕ್ಕಿಗಲ್ಲ. ತಮ್ಮ ಜೀವ ತಾವು ಕಾಯ್ಕಂತವ್ರೆ. ನಂಗೆ ಅದೇ ಹೆಮ್ಮೆ."

ಚೌಡೇಶ್ವರಿ ಬಾರ್ ಈಸಿಕೊಂಡು ತಾನೂ ಒಮ್ಮೆ ಓದಿದಳು. ಅಭ್ಯಾಸ ಬಿಡುವುದುಂಟೇ? ಆಮೇಲೆ ತಲೆಯೆತ್ತಿ ತಿಂದಳು. ಕಣ್ಣು ಮಂಜಾಗಿತ್ತು.

ಯಲ್ಲಕ್ಕ ಉಂಡೆಯ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ನಲವತ್ತು ಕುರಿ ಕಾಯೋಳು ತನ್ನ ಜೀವ ಕಾಯ್ಕಬಾರ್ದೇನು? ಲೇ ಹನುಮಾ, ಪೆನ್ನು ಕೊಡು. ಅಡಿಗೆಮನೇಲಿ ಏನಿರಬೇಕು, ಏನಿರಬಾರ್ದು ಎಲ್ಲಾ ಬರ್ಕೊಡವ್ವಾ."

ಹನುಮೇಶ ಪೆನ್ನು ಕೊಟ್ಟ. ಅವನ ಕಿವಿ ಮೊದಲ ದಿನದ ಹಾಗೆಯೇ ಕೆಂಪಾಗಿತ್ತು.

"ಅವ್ವ ಏನು ಕೇಳ್ತಾವ್ಳೆ, ಗೊತ್ತಾಯ್ತಾ ಮೇಡಂ?"

"ಗೊತ್ತಾಯ್ತು," ಎಂದು ಅವಳು ಹಾಳೆ ಬಿಡಿಸಿದಳು. "ಮೊದ್ಲು ಆ ಮೇಡಂ ಬಿಡ್ರಿ. ಅದು ಈ ಮನೇಲಿ ಇರಬಾರ್ದು."