ಕೌಂಟರ್ ಕೆಳಗಿನ ಡಬ್ಬಿ

ಸಮುದ್ರಪಾಚಿಯ ಡಬ್ಬಿಯನ್ನು ಇಷ್ಟಪಟ್ಟು ಕೊಳ್ಳುವ ಮನುಷ್ಯ ಸರಾತೋವ್ ಊರಿನಲ್ಲಿ ಒಬ್ಬನಾದರೂ ಇರಬಹುದೇ? ರಿಮ್ಮಾಳ ತಲೆ ಕೊರೆಯುತ್ತಿದ್ದ ಪ್ರಶ್ನೆ ಇದು. ಮೇಲಿನವರ ವಾರ್ಷಿಕ ಯೋಜನೆಯಲ್ಲಿ ಬರೆದಿದೆ ಎಂದು ಅವಳು ಕೆಲಸ ಮಾಡುವ ಸರ್ಕಾರಿ ಅಂಗಡಿಗೆ ಪಾಚಿ ಲಾರಿಗಟ್ಟಲೆ ಬಂದು ಬೀಳುತ್ತಿತ್ತು. ಮೂಸಿ ನೋಡುವವರೂ ಇರಲಿಲ್ಲ. ಆದರೆ ಬೂದು ಕೋಟಿನ ಗ್ಲೆಬ್ ಮಾತ್ರ ವಾರವಾರವೂ ಕ್ಯಾಷಿಯರ್ ಹತ್ತಿರ ದುಡ್ಡು ಕಟ್ಟಿ, ಚೀಟಿ ಹಿಡಿದು ಅವಳ ಮುಂದೆ ಬಂದು ನಿಲ್ಲುತ್ತಿದ್ದ.

"ಇವತ್ತಿನ ಪಾಚಿ ತಾಜಾ ಇದೆಯಾ?"

"ಹೋದ ವರ್ಷದ್ದು."

"ಹಾಗಾದ್ರೆ ಪಳಗಿರುತ್ತೆ, ಕೊಡಿ."

ಅವನ ಕಣ್ಣಂಚಿನಲ್ಲಿ ನಗು ಇಣುಕುತ್ತಿತ್ತು. ರಿಮ್ಮಾ ಡಬ್ಬಿ ಒರೆಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು.

"ಅವನು ಇನ್‌ಸ್ಪೆಕ್ಟರ್ ಕಣೇ," ಎಂದು ಹಾಲಿನ ಕೌಂಟರಿನ ಕ್ಲಾವಾ ಅತ್ತೆ ಕಿವಿ ಕಚ್ಚಿದಳು. "ಗಿರಾಕಿ ಥರ ಬಂದು ನಮ್ಮ ತಪ್ಪು ಹಿಡೀತಾರೆ. ಇಲ್ಲದಿದ್ರೆ ಬೈಯದೆ ಪಾಚಿ ಕೊಳ್ಳೋನು ಯಾವನಿದಾನೆ? ಹಲ್ಲು ಬಿಡಬೇಡ, ಕೆಲಸ ಹೋದೀತು!"

ಇಷ್ಟಪಡಲು ರಿಮ್ಮಾಳಿಗೆ ಸಿಕ್ಕಿದ್ದು ಇವನೇನಾ?

ಆ ಗುರುವಾರ ರೀಗಾದಿಂದ ಹೊಗೆಯಲ್ಲಿ ಬೇಯಿಸಿ ಎಣ್ಣೆಯಲ್ಲಿ ಅದ್ದಿದ ಮೀನಿನ ಡಬ್ಬಿಗಳು ಬಂದವು. ಕ್ಯೂ ಬೀದಿಯವರೆಗೂ ಬೆಳೆಯಿತು. ಡಬ್ಬಿಗಳು ಮುಗಿದರೂ ಜನ ಕದಲಲಿಲ್ಲ. ಒಳಗೆ ಇನ್ನೂ ಇದೆ ಎಂದೇ ಎಲ್ಲರ ನಂಬಿಕೆ. ನಿಜಕ್ಕೂ ಒಂದಿತ್ತು. ತಾನೇ ದುಡ್ಡು ಕಟ್ಟಿ ರಿಮ್ಮಾ ಅದನ್ನು ಕೌಂಟರ್ ಕೆಳಗೆ ಬಚ್ಚಿಟ್ಟಿದ್ದಳು.

ಪಾಚಿಯ ಚೀಟಿ ಹಿಡಿದು ಬಂದ ಗ್ಲೆಬ್‌ಗೆ, ಪಾಚಿಗೆ ಪೈಪೋಟಿ ಇಲ್ಲದ್ದರಿಂದ, ಯಾರೂ ಅಡ್ಡ ಬರಲಿಲ್ಲ. ರಿಮ್ಮಾ ಕಾಗದ ಸುತ್ತಿದ ಮೀನಿನ ಡಬ್ಬಿಯನ್ನು ಮುಂದೆ ತಳ್ಳಿದಳು.

"ಇದು ನಿಮಗೇ ಅಂತ ಇಟ್ಟಿದ್ದು. ಬೇಕಿದ್ರೆ ಮೇಲಿನವರಿಗೆ ಬರೆದು ಕಳಿಸಿ, ನೀವು ಇನ್‌ಸ್ಪೆಕ್ಟರ್ ಅಂತ ಗೊತ್ತು."

"ನಾನಾ? ನಾನು ಟ್ರಾಮ್ ತಂತಿ ರಿಪೇರಿ ಮಾಡೋನು!"

"ಮತ್ತೆ ಪಾಚಿ?"

"ಥೂ, ಅದನ್ನ ಯಾರು ತಿಂತಾರೆ?" ಅವನು ದನಿ ತಗ್ಗಿಸಿದ. "ಬೇರೆ ಏನು ಕೊಂಡ್ರೂ ಹಿಂದಿನಿಂದ ನೂಕ್ತಾರೆ. ಪಾಚಿ ಕೊಂಡ್ರೆ ಮಾತ್ರ ನಿಮ್ಮ ಜೊತೆ ಎರಡು ಮಾತಾಡೋಕೆ ಆಗುತ್ತೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕ್ಯೂನಿಂದ ಒಬ್ಬ ಅಜ್ಜಿ ಗುಡುಗಿದಳು:

"ಏನೇ ಹುಡುಗಿ, ಕೆಳಗಿಂದ ಏನು ತೆಗೆದುಕೊಟ್ಟೆ? ಅವನು ಯಾವ ಸೀಮೆ ದೊರೆ? ಮ್ಯಾನೇಜರ್‌ನ ಕರೀರಿ!"

ಇಡೀ ಅಂಗಡಿ ಇತ್ತ ತಿರುಗಿತು. ರಿಮ್ಮಾ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನನ್ನ ದುಡ್ಡಿನ ಡಬ್ಬಿ ಅಜ್ಜಿ, ನನ್ನನ್ನ ಮದುವೆಯಾಗೋನಿಗೆ ಕೊಟ್ಟೆ!"

"ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತು," ಎಂದು ಅಜ್ಜಿ ತಣ್ಣಗಾದಳು.

ಗ್ಲೆಬ್‌ನ ಕಿವಿಗಳು ಕೆಂಪಾಗಿದ್ದವು. "ಯಾವಾಗಿಂದ?" ಎಂದು ಪಿಸುಗುಟ್ಟಿದ.

"ಈಗಿಂದ. ಬೇಡ ಅನ್ನೋದಾದ್ರೆ ಬೇಗ ಹೇಳಿ, ಹಿಂದೆ ಕ್ಯೂ ಇದೆ."